ಒಡ್ಡು, ಹರಗೋಲು, ಕಾಲುವೆ: ಹಂಪಿಯ ಹೊಳೆದಂಡೆಯಲ್ಲಿ

ಹಂಪಿಗೆ ಬಂದವರ ಕಣ್ಣು ಮೊದಲು ಗೋಪುರಕ್ಕೆ ಹೋಗುತ್ತದೆ, ನನ್ನದು ಕಾಲುವೆಗೆ. ನೀರಾವರಿ ಕೆಲಸದಲ್ಲಿ ವರ್ಕ್ ಇನ್ಸ್‌ಪೆಕ್ಟರ್ ಆಗಿ ನೌಕರಿ ಸವೆಸಿದವನಿಗೆ ಬೇರೆ ಚಟ ಎಲ್ಲಿಂದ ಬರಬೇಕು? ವಿರೂಪಾಕ್ಷನ ಗುಡಿಗೆ ಹೋದರೂ ಅಷ್ಟೇ. ಕೃಷ್ಣದೇವರಾಯ ಪಟ್ಟಕ್ಕೆ ಬಂದ ನೆನಪಿಗೆ ಕಟ್ಟಿಸಿದ ರಂಗಮಂಟಪವನ್ನೂ 1510ರ ಶಾಸನವನ್ನೂ ಎಲ್ಲರೂ ನಿಂತು ನೋಡುವಾಗ ನಾನು ಅಡುಗೆಮನೆಯ ಕಡೆ ಹೊರಟಿರುತ್ತೇನೆ. ಹೊಳೆಯ ನೀರು ತರುವ ಕಿರುಗಾಲುವೆಯೊಂದು ಗುಡಿಯ ಆವರಣದೊಳಗೇ ಹರಿದು, ಅಡುಗೆಮನೆ ಮುಟ್ಟಿ, ಹೊರಗೆ ಹೋಗುವಂತೆ ಕಟ್ಟಿದ್ದಾರೆ. ನೈವೇದ್ಯಕ್ಕೆ ಅಕ್ಕಿ ತೊಳೆಯುವವರು ಕೊಡ ಹೊತ್ತು ಹೊಳೆಯ ಮೆಟ್ಟಿಲು ಹತ್ತಿ ಇಳಿಯಬಾರದು ಎಂದು ಯಾರೋ ಯೋಚಿಸಿದ್ದಾರೆ. ಆ ಯಾರೋ ನನಗೆ ಹತ್ತಿರದವನು ಅನ್ನಿಸುತ್ತದೆ.

ಗುಡಿಯಿಂದ ಮೂಡಲಿಗೆ ತೇರುಬೀದಿ ಹಿಡಿದು, ಎದುರು ಬಸವಣ್ಣನ ಹತ್ತಿರ ಬಂದು, ಎಡಕ್ಕೆ ಹೊಳೆಯ ಕಡೆ ಹೊರಳಿದರೆ ನಾನು ಹೇಳಹೊರಟ ದಾರಿ ಸಿಗುತ್ತದೆ. ವಿಠಲನ ಗುಡಿವರೆಗೆ ಸುಮಾರು 2 ಕಿಲೋಮೀಟರು. ಏರು ಹೆಚ್ಚಿಲ್ಲ. ಅಲ್ಲಲ್ಲಿ ಹಾಸುಗಲ್ಲು, ಅಲ್ಲಲ್ಲಿ ಬಂಡೆಯಲ್ಲೇ ಕಡಿದ ಮೆಟ್ಟಿಲು. ನನ್ನ ಬಲಮೊಣಕಾಲು ತಕರಾರು ತೆಗೆಯದ ದಾರಿಗಳಲ್ಲಿ ಇದೂ ಒಂದು. ಬಹಳ ಜನ ವಿಠಲನಿಗೆ ಇನ್ನೊಂದು ಬದಿಯಿಂದ ಬ್ಯಾಟರಿ ಗಾಡಿಯಲ್ಲಿ ಹೋಗಿ, ಕಲ್ಲಿನ ರಥದ ಮುಂದೆ ಫೋಟೊ ತೆಗೆಸಿಕೊಂಡು, ಅದೇ ಗಾಡಿಯಲ್ಲಿ ವಾಪಸಾಗುತ್ತಾರೆ. ಹಾಗಾಗಿ ದಂಡೆಯ ದಾರಿಯಲ್ಲಿ ಗದ್ದಲ ಕಡಿಮೆ. ಬೇವು, ಹೊಂಗೆ, ಆಲದ ನೆರಳಿದೆ. ಬಂಡೆಗಳ ಸಂದಿಯಲ್ಲಿ ಸೀತಾಫಲ, ಮುಳ್ಳಿನ ಕುರುಚಲು. ನೀರಿನ ಅಂಚಿಗೆ ಜೊಂಡು. ಬೆಳಕು ಹರಿಯುವ ಹೊತ್ತಿಗೆ ಹೋದರೆ ನೀರುನಾಯಿ ಕಂಡರೂ ಕಂಡೀತು. 2015ರಲ್ಲಿ ತುಂಗಭದ್ರಾ ಜಲಾಶಯದ ಕೆಳಗಿನಿಂದ ಕಂಪ್ಲಿವರೆಗಿನ 34 ಕಿಲೋಮೀಟರು ಹೊಳೆಯನ್ನು ಸರ್ಕಾರ ಅವುಗಳಿಗಾಗಿಯೇ ಸಂರಕ್ಷಿತ ಪ್ರದೇಶವೆಂದು ಸಾರಿದೆ. ಬಲೆ ಹರಿಯುತ್ತವೆ ಎಂದು ಮೀನು ಹಿಡಿಯುವವರು ಅವುಗಳನ್ನು ಬೈಯುವುದು ಬೇರೆ ಮಾತು.

ಚಕ್ರತೀರ್ಥದಲ್ಲಿ ಹೊಳೆ ಉತ್ತರಕ್ಕೆ ಹೊರಳುತ್ತದೆ. ಉತ್ತರಕ್ಕೆ ಹರಿಯುವ ನೀರು ಪುಣ್ಯದ್ದು ಎಂದು ಇಲ್ಲಿ ಮುಳುಗು ಹಾಕುತ್ತಾರೆ. ಎರಡೂ ಕಡೆ ಬಂಡೆ ಒತ್ತಿಕೊಂಡು ಬಂದಿರುವುದರಿಂದ ನೀರು ಆಳ, ಸುಳಿಯೂ ಉಂಟು. ಪುಣ್ಯ ಬೇಕಾದವರು ದಡದಲ್ಲೇ ಕೂತು ತಂಬಿಗೆಯಲ್ಲಿ ಹೊಯ್ದುಕೊಳ್ಳುವುದು ವಾಸಿ. ದಡದ ಮೇಲೆ ಕೋದಂಡರಾಮ, ಅವನ ಬೆನ್ನಿಗೆ ತುಸು ಎತ್ತರದಲ್ಲಿ ವ್ಯಾಸರಾಯರ ಹೆಸರಿನೊಂದಿಗೆ ಸೇರಿಕೊಂಡ ಯಂತ್ರೋದ್ಧಾರಕ ಹನುಮಂತ. ಕೆಳಗೆ ನೀರಿನ ಮಟ್ಟದ ಬಂಡೆಯ ಮೇಲೆ ಸಾಲು ಸಾಲು ಲಿಂಗ ಕೊರೆದಿದ್ದಾರೆ, ಕೋಟಿಲಿಂಗ ಅನ್ನುತ್ತಾರೆ. ಪ್ರವಾಹ ಬಂದಾಗ ಅವುಗಳಿಗೆ ಹೊಳೆಯದೇ ಅಭಿಷೇಕ.

ಕೋಟಿಲಿಂಗಕ್ಕೆ ಹೋಗಲು ಹರಗೋಲು ಬೇಕು. ಪೋರ್ಚುಗಲ್ಲಿನ ಡೊಮಿಂಗೊ ಪಾಯೆಸ್ 1520ರ ಸುಮಾರಿಗೆ ವಿಜಯನಗರಕ್ಕೆ ಬಂದಾಗ ಇದೇ ಹೊಳೆಯಲ್ಲಿ ಹರಗೋಲು ನೋಡಿ ಬೆರಗಾಗಿ ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ದುಂಡಗಿನ ದೋಣಿ, ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು; ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ಬೇಕೆಂದರೆ ಕುದುರೆ ಎತ್ತುಗಳನ್ನೂ ದಾಟಿಸಬಹುದು, ಆದರೆ ನೆಟ್ಟಗೆ ಹೋಗದೆ ಸದಾ ಗಿರಕಿ ಹೊಡೆಯುತ್ತದೆ ಎನ್ನುವುದು ಅವನ ವರ್ಣನೆಯ ಸಾರ. ಸಮುದ್ರ ದಾಟಿ ಬಂದ ಜಾಣನಿಗೆ ಮೂತಿಯಿಲ್ಲದ ದೋಣಿ ತಮಾಷೆಯಾಗಿ ಕಂಡಿರಬೇಕು. ಈ ಹೊಳೆಯ ತಳದಲ್ಲಿ ಬಂಡೆ ಎಲ್ಲಿದೆ ಎಂದು ನೀರಿನ ಮೇಲಿನಿಂದ ಗೊತ್ತಾಗುವುದಿಲ್ಲ. ಉದ್ದನೆಯ ದೋಣಿ ಬಂಡೆಗೆ ತಗಲಿದರೆ ಅಡ್ಡ ತಿರುಗಿ ಮಗುಚುತ್ತದೆ; ದುಂಡಗಿನದು ತಗಲಿದ ಕಡೆಯೇ ಸುತ್ತಿ ಜಾರಿಕೊಳ್ಳುತ್ತದೆ. ತಳ ಚಪ್ಪಟೆ, ಮೊಣಕಾಲುದ್ದ ನೀರು ಸಿಕ್ಕರೂ ಸಾಕು. ಇಂದು ಹೆಣಿಗೆ ಬಿದಿರಿನದು, ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಮೇಲೆ ಡಾಂಬರು. ಹುಟ್ಟು ಹಾಕುವ ರೀತಿ ಮಾತ್ರ ಪಾಯೆಸ್ ಬಂದರೆ ಗುರುತು ಹಿಡಿಯುವಂಥದೇ.

ಅಚ್ಯುತರಾಯನ ಕಾಲದ ತಿರುವೆಂಗಳನಾಥನ ಗುಡಿಯ ಬೀದಿ (ಗುಡಿ 1534ರದು) ಬಲಗಡೆ ತೆರೆದುಕೊಳ್ಳುತ್ತದೆ. ಒಳಗೆ ಹೋದರೆ ಅರ್ಧ ದಿನ ಅಲ್ಲೇ ಕಳೆಯುತ್ತದೆ, ಹಾಗಾಗಿ ನಾನು ಹೋಗುವುದಿಲ್ಲ. ಸುಗ್ರೀವನ ಗುಹೆ, ಸೀತೆಯ ಸೆರಗು ದಾಟಿದ ಮೇಲೆ ಬಯಲು ಅಗಲವಾಗಿ, ಎಡಕ್ಕೆ ಹೊಳೆಯ ನಡುವೆ ಕಲ್ಲಿನ ಕಂಬಗಳ ಸಾಲು ಕಾಣುತ್ತದೆ. ವಿಜಯನಗರದ ಸೇತುವೆಯಲ್ಲಿ ಉಳಿದದ್ದು ಅಷ್ಟೇ. ಮೇಲಿನ ಹಾಸು ಪೂರಾ ಹೋಗಿದೆ. ಚೌಕದ ಗ್ರಾನೈಟ್ ಕಂಬಗಳು ಕೆಲವು ನೆಟ್ಟಗೆ, ಕೆಲವು ವಾಲಿ ನಿಂತಿವೆ. ಅವುಗಳ ಎತ್ತರ ನೋಡಿದರೆ ನನ್ನಂಥವನಿಗೆ ಒಂದು ವಿಷಯ ಹೊಳೆಯುತ್ತದೆ: ದೊಡ್ಡ ಪ್ರವಾಹ ಇದರ ಮೇಲೆಯೇ ಹಾದುಹೋಗಲಿ ಎಂದು ಬಿಟ್ಟುಕೊಟ್ಟು ಕಟ್ಟಿದ್ದು. ಹೊಳೆ ಇಳಿದಾಗ ದಾಟು, ಏರಿದಾಗ ಸುಮ್ಮನಿರು. ಪಕ್ಕದ ಪುರಂದರ ಮಂಟಪದ್ದೂ ಅದೇ ಲೆಕ್ಕ. ಜಲಾಶಯದಿಂದ ಹೆಚ್ಚು ನೀರು ಬಿಟ್ಟ ವರ್ಷವೆಲ್ಲ ಮಂಟಪ ಮುಳುಗಿತು ಎಂದು ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ, ಓದಿದವರು ಅಯ್ಯೋ ಅನ್ನುತ್ತಾರೆ. ಅದು ಮುಳುಗಲೆಂದೇ ಅಲ್ಲಿರುವುದು. ನೀರು ಇಳಿದ ಮೇಲೆ ಕಂಬಗಳಿಗೆ ಸಿಕ್ಕಿಕೊಂಡ ಕಸಕಡ್ಡಿ ತೆಗೆದರೆ ಕೂರಲು ಮತ್ತೆ ತಂಪು ಜಾಗ.

ವಿಠಲನ ಗುಡಿಯ ಬಗ್ಗೆ ಹೇಳುವವರು ಬೇಕಾದಷ್ಟು ಇದ್ದಾರೆ. ಒಂದೇ ಒಂದು ಸಂಗತಿ: 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ತೆಗೆದ ಫೋಟೊದಲ್ಲಿ ಕಲ್ಲಿನ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರ ಇದೆ. ಐವತ್ತು ರೂಪಾಯಿಯ ನೋಟಿನಲ್ಲಿ ಇಲ್ಲ. ನಾವು ಇಷ್ಟೇ ಇತ್ತು ಅಂದುಕೊಂಡ ಆಕಾರ ಆಮೇಲೆ ಇಟ್ಟಿಗೆ ಹೋದ ಮೇಲಿನದು.

ಇನ್ನೂ ಮುಂದೆ ನಡೆದರೆ ತಳವಾರಘಟ್ಟ, ಆಚೆ ಆನೆಗೊಂದಿ. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ ಮೇಲೆ ಈ ದಂಡೆ ಮದ್ರಾಸಿನದು, ಆ ದಂಡೆ ಹೈದರಾಬಾದಿನದು ಆಯಿತು. ಹರಗೋಲಿನಲ್ಲಿ ಕೂತು ಒಂದು ಎಲೆಅಡಿಕೆ ಅಗಿದು ಮುಗಿಸುವಷ್ಟರಲ್ಲಿ ರಾಜ್ಯ ಬದಲಾಗುತ್ತಿತ್ತು. ತುಂಗಭದ್ರಾ ಅಣೆಕಟ್ಟಿಗೆ 1945ರ ಫೆಬ್ರುವರಿಯಲ್ಲಿ ಅಡಿಗಲ್ಲು ಬಿದ್ದಾಗಲೂ ಎರಡು ದಂಡೆಗೆ ಎರಡು ಶಾಸ್ತ್ರ: ಆ ಕಡೆ ಬೇರಾರಿನ ರಾಜಕುಮಾರ, ಈ ಕಡೆ ಮದ್ರಾಸಿನ ಗವರ್ನರ್ ಆರ್ಥರ್ ಹೋಪ್. ಬಳ್ಳಾರಿ 1953ರಲ್ಲಿ ಮೈಸೂರಿಗೆ ಸೇರಿತು, ಎದುರು ದಂಡೆ 1956ರಲ್ಲಿ. ಈಗ ಎರಡೂ ಕರ್ನಾಟಕವೇ, ಆದರೆ ಜಿಲ್ಲೆ ಬೇರೆ: ಇತ್ತ 2021ರಲ್ಲಿ ಹುಟ್ಟಿದ ವಿಜಯನಗರ, ಅತ್ತ ಕೊಪ್ಪಳ. ಇಲ್ಲೊಂದು ಹೊಸ ಸೇತುವೆ ಎಬ್ಬಿಸಹೊರಟರು; ಅದರ ಕಾರಣಕ್ಕೆ 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದ ಪಟ್ಟಿಗೆ ಸೇರಿಸಿತು, 2006ರಲ್ಲಿ ತೆಗೆಯಿತು. ಆ ಸೇತುವೆ ಮುಗಿಯುವ ಮೊದಲೇ 2009ರ ಜನವರಿಯಲ್ಲಿ ಕುಸಿದು ಕೆಲಸಗಾರರು ಸತ್ತರು. ನಿಂತ ಹಳೆಗಂಬ ತೋರಿಸಿ ಹಿಂದಿನವರು ಜಾಣರು ಎಂದು ಮಾತು ಬೆಳೆಸಲು ನನಗೆ ಮನಸ್ಸಿಲ್ಲ. ಹಿಂದೆ ಬಿದ್ದವುಗಳ ಲೆಕ್ಕ ಯಾರೂ ಇಟ್ಟಿಲ್ಲ.

ಕೆಲವು ಲೆಕ್ಕ ಮಾತ್ರ ಕಲ್ಲಿನ ಮೇಲೆ ಉಳಿದಿದೆ. ಇದೇ ಹೊಳೆಯ ಮೇಲ್ಗಡೆ, ಹರಿಹರದ ಹತ್ತಿರ ಹರಿದ್ರಾ ಹಳ್ಳಕ್ಕೆ 1410ರಲ್ಲಿ ಒಡ್ಡು ಕಟ್ಟಿದರು, ಅದು ಒಡೆಯಿತು, 1424ರಲ್ಲಿ ಮತ್ತೆ ಕಟ್ಟಿದರು. ಶಾಸನಗಳು ಎರಡನ್ನೂ ಹೇಳುತ್ತವೆ. ಒಡೆಯಿತು ಎಂದು ಕಲ್ಲಿನಲ್ಲಿ ಕೊರೆಸುವ ಧೈರ್ಯ ದೊಡ್ಡದು. ನಮ್ಮ ಅಳತೆ ಪುಸ್ತಕದಲ್ಲಿ ‘ದುರಸ್ತಿ’ ಎಂದಷ್ಟೇ ಬರೆಯುತ್ತಿದ್ದೆವು.

ಹಂಪಿಯ ನಿಜವಾದ ಕೆಲಸ ನೋಡಬೇಕಾದರೆ ವಾಪಸು ಬರುವಾಗ ದಂಡೆ ಬಿಟ್ಟು ಒಳಗಿನ ಕಣಿವೆಗೆ ಇಳಿಯಬೇಕು. ಒಂದು ಕಡೆ ಗುಡಿಗಳ ಗುಡ್ಡ, ಇನ್ನೊಂದು ಕಡೆ ಅರಮನೆಯ ಬಯಲು. ನಡುವಿನ ತಗ್ಗಿನಲ್ಲಿ ಬಾಳೆತೋಟ, ಭತ್ತದ ಗದ್ದೆ. ಇವನ್ನು ಸಾಕುವುದು ತುರ್ತಾ ಕಾಲುವೆ. ಊರಿಗಿಂತ ಮೇಲ್ಗಡೆ, ಹೊಳೆ ಹಲವು ಸೀಳಾಗಿ ನಡುಗಡ್ಡೆಗಳನ್ನು ಸುತ್ತುವ ಕಡೆ, ಬಂಡೆಯಿಂದ ಬಂಡೆಗೆ ದಪ್ಪ ಕಲ್ಲು ಪೇರಿಸಿ ಒಡ್ಡು ಹಾಕಿ, ಒಂದಿಷ್ಟು ನೀರನ್ನು ಬದಿಗೆ ತಿರುಗಿಸಿದ್ದಾರೆ. ಹೊಳೆಯನ್ನು ಹಿಡಿದಿಡುವ ಹಟ ಅದಕ್ಕಿಲ್ಲ. ಪ್ರವಾಹ ನೆತ್ತಿಯ ಮೇಲೆ ಹರಿದುಹೋಗುತ್ತದೆ, ಮರಳು ಮಣ್ಣೂ ಅದರ ಜೊತೆಗೇ. ಹೊಸಪೇಟೆಯ ದೊಡ್ಡ ಅಣೆಕಟ್ಟಿನ ಮಾತೇ ಬೇರೆ. ಕಲ್ಲು ಮತ್ತು ಸುರ್ಕಿ ಗಾರೆಯಲ್ಲಿ ಎದ್ದು, 1953ರಲ್ಲಿ ನೀರು ನಿಲ್ಲಿಸಿ, ಲಕ್ಷಾಂತರ ಎಕರೆಗೆ ಅನ್ನ ಕೊಟ್ಟಿತು. 133 ಟಿಎಂಸಿ ಹಿಡಿಯುತ್ತಿದ್ದದ್ದು ಹೂಳು ತುಂಬಿ ಈಗ 105ರ ಆಸುಪಾಸಿಗೆ ಬಂದಿದೆ. 2024ರ ಆಗಸ್ಟಿನಲ್ಲಿ ಅದರ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದ ರಾತ್ರಿ ಈ ಕಡೆಯ ಕಾಲುವೆಯವರು ಯಾರೂ ನಿದ್ದೆ ಮಾಡಲಿಲ್ಲ. ಗೇಟು ಇದ್ದ ಕಡೆ ಸರಪಳಿ, ಸರಪಳಿ ಇದ್ದ ಕಡೆ ಗ್ರೀಸು ಹಚ್ಚುವವನೊಬ್ಬ ಬೇಕೇ ಬೇಕು. ಹಳೆಯ ಒಡ್ಡಿಗೂ ಆಳು ಬೇಕು. ಜಾರಿದ ಕಲ್ಲು ಬೇಸಿಗೆಯಲ್ಲಿ ಮತ್ತೆ ಎತ್ತಿ ಕೂರಿಸಬೇಕು. ಕೆರೆ ಕಟ್ಟಿಸಿದವರಿಗೆ, ನೋಡಿಕೊಳ್ಳುವವರಿಗೆ ಭೂಮಿ ಬಿಡುವ ಕಟ್ಟುಕೊಡಗೆಯ ಪದ್ಧತಿ ಇದ್ದದ್ದು ಇಂಥ ಚಾಕರಿಗಾಗಿಯೇ.

1565ರ ಜನವರಿಯಲ್ಲಿ ರಕ್ಕಸತಂಗಡಿಯ ಕಾಳಗದಲ್ಲಿ ರಾಮರಾಯ ಸತ್ತ. ಊರು ಸೂರೆಯಾಯಿತು. ಎರಡು ವರ್ಷ ಕಳೆದು ಬಂದ ವೆನಿಸ್ಸಿನ ವ್ಯಾಪಾರಿ ಸೀಸರ್ ಫೆಡರಿಚಿ ಏಳು ತಿಂಗಳು ಇಲ್ಲೇ ಇದ್ದ. ಮನೆಗಳು ಪೂರ್ತಿ ಬಿದ್ದಿಲ್ಲ, ಆದರೆ ಖಾಲಿ, ಒಳಗೆ ಹುಲಿ ಮುಂತಾದ ಕಾಡುಪ್ರಾಣಿಗಳ ವಾಸ ಎಂದು ಬರೆದ. ಇಷ್ಟಕ್ಕೆ ಹಂಪಿಯ ಕಥೆ ಮುಗಿಸಿಬಿಡುವುದು ನಮ್ಮ ರೂಢಿ. ಬೇಸಾಯದವರ ಕಥೆ ಅಲ್ಲಿಗೆ ಮುಗಿಯುವಂತಿರಲಿಲ್ಲ. ಅರಸರು ಪೆನುಗೊಂಡೆಗೆ ಹೋದರೂ ಗದ್ದೆಯನ್ನು ಗಾಡಿಗೆ ಹೇರಿಕೊಂಡು ಹೋಗಲು ಬರುವುದಿಲ್ಲವಲ್ಲ. ಅರಮನೆಗೆ ಸುಣ್ಣ ಬಳಿಯುವವರು ಯಾರೂ ಉಳಿಯಲಿಲ್ಲ, ತೂಬು ಎತ್ತುವವರು ಉಳಿದರು. ಆಮೇಲೆ ಬಂದ ಸುಲ್ತಾನರಿಗೂ, ಪಾಳೇಗಾರರಿಗೂ, ಹೈದರನಿಗೂ, ಕಂಪನಿಗೂ ಕಂದಾಯ ಬೇಕಿತ್ತು; ಕಂದಾಯಕ್ಕೆ ಭತ್ತ, ಭತ್ತಕ್ಕೆ ನೀರು. ತುರ್ತಾದಂಥವೇ ಹಳೆಯ ರಾಯ ಮತ್ತು ಬಸವ ಕಾಲುವೆಗಳು ಈಗ ಜಲಾಶಯದಿಂದಲೇ ನೀರು ತೆಗೆದುಕೊಳ್ಳುತ್ತವೆ. ತುರ್ತಾ ಮಾತ್ರ ಇನ್ನೂ ತನ್ನ ಹಳೆಯ ಒಡ್ಡಿನ ಹಂಗಿನಲ್ಲೇ ಇದೆ. ಉಗ್ರನರಸಿಂಹನ ಪಕ್ಕದ ಬಡವಿಲಿಂಗದ ಗುಡಿಯಲ್ಲಿ ಕಾಲುವೆಯ ನೀರು ಒಳಗೆ ನುಗ್ಗಿ ಲಿಂಗದ ಬುಡ ಮುಚ್ಚಿ ನಿಲ್ಲುತ್ತದೆ. ಭಕ್ತರು ಚಿಲ್ಲರೆ ಎಸೆಯುತ್ತಾರೆ. ನಾನು ನೀರಿನ ಮಟ್ಟ ನೋಡಿ, ಮೇಲೆ ಎಷ್ಟು ಬಿಟ್ಟಿದ್ದಾರೆ ಎಂದು ಅಂದಾಜು ಹಾಕುತ್ತೇನೆ.

ಈಚೆಗೆ ವಿಜಯನಗರದ ಕಾಲುವೆಗಳಿಗೆ ಕಾಂಕ್ರೀಟು ಹೊದಿಸುವ ಕೆಲಸ ನಡೆಯಿತು. ಹಳೆಯ ಕಲ್ಲಿನ ದಂಡೆಯಲ್ಲಿ ನೀರು ಸೋರುತ್ತಿತ್ತು. ಆ ಸೋರಿಕೆಯಿಂದಲೇ ಬದಿಯ ಹೊಂಗೆ ಬೇವು ಹಸಿರಾಗಿದ್ದವು, ಬಾವಿಗಳಿಗೆ ಸೆಲೆ ಇತ್ತು, ಬಟ್ಟೆ ಒಗೆಯಲು ಇಳಿಜಾರಿತ್ತು. ನೌಕರಿಯಲ್ಲಿದ್ದರೆ ಕಾಂಕ್ರೀಟಿಗೆ ನಾನೇ ಅಂದಾಜುಪಟ್ಟಿ ಬರೆಯುತ್ತಿದ್ದೆ. ಈಗ ನಡೆಯುವವನಾಗಿ ನೋಡಿದರೆ ಬೋಳು ಬೋಳು ಅನ್ನಿಸುತ್ತದೆ. ಕಮಲಾಪುರದ ಕಡೆ ತೋಟದ ಬದುವಿನ ಮೇಲೆ ಕೂತಿದ್ದ ರೈತರೊಬ್ಬರಿಗೆ ಇದನ್ನು ಹೇಳಿದೆ.

“ಸೋರಿದ ನೀರು ಮ್ಯಾಲಿನ ತ್ವಾಟದೋರಿಗೆ ಸಾರ್. ನಮ್ದು ಕಾಲುವಿ ಕೊನೀಗೆ ಐತಿ. ಮೊದಲು ಬ್ಯಾಸಿಗ್ಯಾಗ ಬಾಳಿ ಒಣಗತಿದ್ವು, ಈಗ ಗೊನಿ ಬರತಾವ. ನಿಮಗ ನೆಳ್ಳು ಬೇಕಂದ್ರ ಇಲ್ಲೇ ಬಂದು ಕುಂದರ್ರಿ.”

ಕೂತೆ. ಸುಗಂಧಿ ಬಾಳೆಗೆ ಈ ವರ್ಷ ಏನು ಧಾರಣೆ, ನೀರಿನ ಸರದಿ ಯಾವಾಗ, ಲಸ್ಕರ್ ಹೊತ್ತಿಗೆ ಸರಿಯಾಗಿ ತೂಬು ಎತ್ತುತ್ತಾನೋ ಇಲ್ಲವೋ ಎಂದು ಮಾತು ಬೇರೆ ಕಡೆ ಹೋಯಿತು.