ಮಳೆ ಬೇಡಿದ ಎರಡು ನಾಡುಗಳು

ದೇವದುರ್ಗ ತಾಲೂಕಿನ ಗೂಗಲ್ ಕೃಷ್ಣೆಯ ದಂಡೆಯ ಊರು. ಆದರೂ ರಾಯಚೂರು ಸೀಮೆಯಲ್ಲಿ ಕಾಲುವೆ ಮುಟ್ಟದ ಹೊಲಕ್ಕೆ ಮಳೆಯೇ ಗತಿ. ಇಂಥ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಭಾದ್ರಪದದಲ್ಲಿ ಜೋಕುಮಾರ ಬರುತ್ತಾನೆ. ಮಣ್ಣಿನ ಮೂರ್ತಿಯನ್ನು ಬೇವಿನ ಸೊಪ್ಪಿನ ಬುಟ್ಟಿಯಲ್ಲಿಟ್ಟು ಹೆಂಗಸರು ಮನೆಮನೆಗೆ ಹೊತ್ತು ಹಾಡುತ್ತಾರೆ. ಮನೆಯವರು ಕಾಳು ನೀಡುತ್ತಾರೆ. ಏಳು ದಿನ ಬಾಳಿ ಸಾಯುವ ಅವನು ಶಿವನಿಗೆ ಜನರ ಕಷ್ಟ ಹೇಳಿ ಮಳೆ ತರಿಸುತ್ತಾನೆಂಬುದು ನಂಬಿಕೆ.

ದೂರದ ಮೆಕ್ಸಿಕೋದ ಅಜ್ಟೆಕ್ ಜನರೂ ಮಳೆಗಾಗಿಯೇ ತ್ಲಾಲೋಕ್ ದೇವತೆಯನ್ನು ಬೇಡುತ್ತಿದ್ದರು. ದುಂಡು ಕಣ್ಣು, ಕೋರೆಹಲ್ಲು ಅವನ ಗುರುತು. ಗರಿ ತೊಟ್ಟ ಸರ್ಪ ಕೆತ್ಸಾಲ್ಕೋವಾತ್ಲ್ ಗಾಳಿಯಾಗಿ ಮಳೆಯ ದಾರಿ ಗುಡಿಸುತ್ತಿದ್ದನಂತೆ. ರಾಜಗಿರಿ ಹಿಟ್ಟಿನಿಂದ ಬೆಟ್ಟದ ದೇವತೆಗಳನ್ನು ಮಾಡಿ, ಹಬ್ಬದ ಕೊನೆಗೆ ಮುರಿದು ತಿನ್ನುತ್ತಿದ್ದರು. ಮಕ್ಕಳನ್ನು ಬಲಿ ಕೊಡುವ ಘೋರವೂ ಅಲ್ಲಿತ್ತು, ಅದನ್ನು ಮರೆಮಾಚಲಾಗದು.

1521ರಲ್ಲಿ ಸ್ಪೇನಿನವರು ರಾಜಧಾನಿ ತೆನೋಚ್ತಿತ್ಲಾನ್ ಗೆದ್ದರು. ಗುಡಿಗಳು ನೆಲಸಮವಾದವು, ಕೆಡವಿದವರಲ್ಲಿ ನಮ್ಮ ಧರ್ಮಸಭೆಯವರೂ ಇದ್ದರು. ಆದರೆ 1529ರಲ್ಲಿ ಅಲ್ಲಿಗೆ ಹೋದ ಫ್ರಾನ್ಸಿಸ್ಕನ್ ಗುರು ಬೆರ್ನಾರ್ದಿನೋ ದೆ ಸಹಾಗುನ್ ಊರ ಹಿರಿಯರನ್ನು ಕೂಡಿಸಿ ಕೇಳಿದರು. ಅವರದೇ ನಾಹುವಾತ್ಲ್ ಭಾಷೆಯಲ್ಲಿ 12 ಪುಸ್ತಕ ಬರೆಸಿದರು. ಹಳೆಯ ಪೂಜೆಯನ್ನು ಗುರುತಿಸಿ ಅಳಿಸುವುದು ಅವರ ಉದ್ದೇಶ. ಆದರೂ ಆ ಜನರ ಮಾತು ನಮಗಿಂದು ಬಹುಮಟ್ಟಿಗೆ ಕೇಳಿಸುವುದು ಆ ಬರಹದಿಂದಲೇ.

ಜೋಕುಮಾರನ ಹಾಡು ಬಲ್ಲ ಅಜ್ಜಿಯರು ನಮ್ಮ ನೆರೆಹೊರೆಯವರೇ. ಆ ದೇವರನ್ನು ನಾವು ಪೂಜಿಸುವುದಿಲ್ಲ. ಆದರೆ ಹಾಡಿನೊಳಗಿನ ಹಸಿವು, ಬಾಯಾರಿಕೆ ನಮ್ಮದೂ ಹೌದು. ಅಳಿಸಲೆಂದು ಕೇಳಿದವರಿಂದಲೇ ಇಷ್ಟು ಉಳಿಯಿತಲ್ಲ. ನಾವು ಪ್ರೀತಿಯಿಂದ ಕೇಳೋಣ, ಬರೆದಿಡೋಣ.