ವೇಣುಗ್ರಾಮದ ಪೇಟೆಗಳು

ದೂಧಗಂಗೆಯ ದಂಡೆಯ ಸದಲಗೆಯಿಂದಲೂ ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಗಳಿಂದಲೂ ಬೆಳಗಾವಿಗೆ ಹೋಗಿಬರುವ ಸದ್ಭಕ್ತರು ಅಸಂಖ್ಯರು. ಕೋರ್ಟು ಕಚೇರಿ, ಔಷಧೋಪಚಾರ, ಮಕ್ಕಳ ವಿದ್ಯೆ, ಮದುವೆಯ ಜವಳಿ ಮುಂತಾದ ಕಾರ್ಯಗಳಿಗಾಗಿ ಹೋದವರು ಸಂಜೆಯ ಬಸ್ಸಿಗೆ ಮರಳುವರು. ಊರನ್ನು ಕಂಡವರು ಮಾತ್ರ ವಿರಳ. ಬೆಳಗಾವಿಯೆಂಬದು ಒಂದೇ ಊರಲ್ಲ. ಕೋಟೆ, ಪೇಟೆ, ಶಹಾಪುರ, ವಡಗಾವಿ, ಅನಗೋಳ ಮೊದಲಾದ ಬೇರೆ ಬೇರೆ ನೆಲೆಗಳು ಕಾಲಕ್ರಮದಲ್ಲಿ ಒಂದರೊಡನೊಂದು ಕೂಡಿ ಆದ ನಗರವಿದು. ಕಾಲ್ನಡಿಗೆಯಿಂದ ಇವುಗಳನ್ನು ಸುತ್ತುವವನು ಒಂದು ಹಗಲಿನಲ್ಲಿ ಎಂಟು ನೂರು ವರ್ಷಗಳನ್ನು ದಾಟುವನು.

ಸಂಚಾರವು ಕೋಟೆಯಿಂದ ಮೊದಲಾಗುವದು ಉಚಿತ. ಸುಗಂಧವರ್ತಿಯ, ಅಂದರೆ ಸವದತ್ತಿಯ, ರಟ್ಟರು ತಮ್ಮ ರಾಜಧಾನಿಯನ್ನು ವೇಣುಗ್ರಾಮಕ್ಕೆ ತಂದ ಕಾಲದ ಗುರುತು ಇಲ್ಲಿಯ ಕಮಲ ಬಸದಿ. ನಾಲ್ವಡಿ ಕಾರ್ತವೀರ್ಯನ ಮಂತ್ರಿಯಾದ ಬೀಚಿರಾಜನು ಕಟ್ಟಿಸಿದ ಈ ದೇವಾಲಯಕ್ಕೆ ರಟ್ಟಜಿನಾಲಯವೆಂಬ ಹೆಸರಿತ್ತು. ಮಂಟಪದ ಒಳಮಾಳಿಗೆಯಿಂದ ತಲೆಕೆಳಗಾಗಿ ಅರಳಿರುವ ಕಲ್ಲಿನ ಕಮಲಕ್ಕೆ 72 ದಳಗಳು. ಭೂತ, ವರ್ತಮಾನ, ಭವಿಷ್ಯತ್ ಎಂಬ ಮೂರು ಕಾಲಗಳ ಇಪ್ಪತ್ತುನಾಲ್ಕು ತೀರ್ಥಂಕರರ ಲೆಕ್ಕವದು.

“ಜೈನರ ಗುಡಿ ನಮಗೇಕೆ?” ಎಂದು ಹೊರಗೇ ನಿಲ್ಲುವ ಭಕ್ತರೂ ಉಂಟು. ಅವರು ಇಲ್ಲಿಯ 1204ನೆಯ ಇಸವಿಯ ಕನ್ನಡ ಶಾಸನಗಳ ಸಂಗತಿಯನ್ನು ಕೇಳತಕ್ಕದ್ದು. ಬಸದಿಯ ಆಚಾರ್ಯರಾದ ಶುಭಚಂದ್ರ ಭಟ್ಟಾರಕರಿಗೆ ಅರಸನು ಭೂದಾನ ಮಾಡಿದ್ದಲ್ಲದೆ, ಕೂಂಡಿ ಮೂರುಸಾವಿರದ ವರ್ತಕರೂ ಲಾಳ ದೇಶದ ಹಾಗೂ ಮಲೆಯಾಳದ ವ್ಯಾಪಾರಿಗಳೂ ಸಭೆ ಸೇರಿ, ತಮ್ಮ ಸರಕಿನ ಮೇಲೆ ಇಂತಿಷ್ಟು ಸುಂಕವನ್ನು ತಾವೇ ಬಿಟ್ಟುಕೊಟ್ಟರು. ಗುಜರಾತದವನೂ ಕೇರಳದವನೂ ಒಂದೇ ಸಂತೆಯಲ್ಲಿ ನಿಂತು ಕನ್ನಡದ ಕಲ್ಲಿಗೆ ಒಪ್ಪಿಗೆಯಿತ್ತ ಊರು ಇದು. ಆ ಕೂಂಡಿಯ ನಾಡು ಸದಲಗೆಯ ಸೀಮೆಗೆ ಪರಕೀಯವಲ್ಲ. ಇದೇ ಕಾರ್ತವೀರ್ಯನ ಶಾಸನವು ರಾಯಬಾಗದಲ್ಲಿಯೂ ಉಂಟು. ಬಸದಿಯು ಕೋಟೆಯಲ್ಲಿ ಉಳಿದಿದೆ, ಬೆಳಗಾವಿಯ ಆ ಶಾಸನಶಿಲೆಗಳೋ ಆಂಗ್ಲರ ಕಾಲದಲ್ಲಿ ಲಂಡನ್ ಪಟ್ಟಣದ ಬ್ರಿಟಿಷ್ ಸಂಗ್ರಹಾಲಯವನ್ನು ಸೇರಿದವು. ಊರಿನ ಜನ್ಮಪತ್ರಿಕೆಯು ಕಡಲಾಚೆಯಲ್ಲಿರುವದು ಯಾರಿಗೆ ಸಮಾಧಾನ ತಂದೀತು?

ರಟ್ಟರ ತರುವಾಯ ಸೇವುಣರು ಬಂದರು. 1472ರಲ್ಲಿ ಬಹಮನಿಯ ಮಂತ್ರಿ ಮಹಮೂದ ಗವಾನನು ಕೋಟೆಯನ್ನು ಗೆದ್ದನು. ವಿಜಾಪುರದ ಸರದಾರ ಅಸದಖಾನನ ಹೆಸರಿನೊಡನೆ ಕೂಡಿಬಂದ ಸಫಾ ಮಸೀದಿಯೂ ಇದೇ ಕೋಟೆಯೊಳಗಿದೆ. 1818ರ ಏಪ್ರಿಲ್ 10ರಂದು, ಇಪ್ಪತ್ತೊಂದು ದಿವಸಗಳ ಮುತ್ತಿಗೆಯ ಬಳಿಕ, ಕೋಟೆಯು ಜನರಲ್ ಮನ್ರೋನ ವಶವಾಯಿತು. 1836ರಲ್ಲಿ ಧಾರವಾಡದಿಂದ ಬೇರ್ಪಟ್ಟು ಬೆಳಗಾವಿ ಜಿಲ್ಲೆಯಾದದ್ದರಿಂದಲೇ ಇಂದಿನ ಕಚೇರಿಗಳ ಜನಸಂದಣಿ.

ಕೋಟೆಯನ್ನು ಬಿಟ್ಟು ಪೇಟೆಯ ಓಣಿಗಳಿಗೆ ಇಳಿದರೆ ನಡೆಯು ನಿಧಾನವಾಗಬೇಕು. ಇಲ್ಲಿಯ ಚರಿತ್ರೆಗೆ ಶಿಖರವಿಲ್ಲ, ಕಮಲವಿಲ್ಲ. ರವಿವಾರ ಪೇಟೆಯ ಧಾನ್ಯದ ಅಂಗಡಿಗಳನ್ನು ನೋಡುತ್ತ ಸಾಗುವ ಭಕ್ತರು ನೆನೆಯಬೇಕಾದ ಒಂದು ಗ್ರಂಥವುಂಟು. ವಿಜಾಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆಯ ತಾಡವೋಲೆಗಳನ್ನು ಶೋಧಿಸಿ ಸಿದ್ಧಪಡಿಸಿದ ‘ವಚನಶಾಸ್ತ್ರಸಾರ’ದ ಹಸ್ತಪ್ರತಿಯು ಮಂಗಳೂರಿನ ಮುದ್ರಣಾಲಯದಿಂದ ಅಚ್ಚಾಗದೆ ಹಿಂದಿರುಗಿತು. ಅದು 1923ರಲ್ಲಿ ಅಚ್ಚಾದದ್ದು ಇದೇ ಬೆಳಗಾವಿಯಲ್ಲಿ, ಚೌಗುಲೆಯವರ ಮಹಾವೀರ ಮುದ್ರಣಾಲಯದಲ್ಲಿ. ಶರಣರ ವಚನಗಳನ್ನು ನಾಡಿಗಿತ್ತ ಅಚ್ಚುಮೊಳೆಗಳು ಮಹಾವೀರನ ಹೆಸರಿನ ಮನೆಯವು! ಬಸದಿಯ ಬಾಗಿಲಲ್ಲಿ ಅನುಮಾನಿಸಿ ನಿಂತವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಾಗದು. ಸಪ್ತರ್ಷಿಗಳೆಂದು ಹೆಸರಾದ ಏಳು ಜನರು 1916ರಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯನ್ನು ಆರಂಭಿಸಿದ್ದೂ ಇಲ್ಲಿಯೇ. ಶಿರಸಂಗಿ ಲಿಂಗರಾಜ ದೇಸಾಯರ ನಾಮಧೇಯದ ಕಾಲೇಜು 1933ರಲ್ಲಿ ಹುಟ್ಟಿತು.

ದಕ್ಷಿಣಕ್ಕೆ ಕಪಿಲೇಶ್ವರನ ಗುಡಿಯ ಕಡೆಯಿಂದ ಮುಂದುವರಿದರೆ ಶಹಾಪುರ. ಇಂದು ನಡುವೆ ಗಡಿಯ ಕುರುಹೇ ಕಾಣದು. ಆದರೆ 1948ರಲ್ಲಿ ಸಂಸ್ಥಾನಗಳು ವಿಲೀನವಾಗುವವರೆಗೆ ಇದು ಸಾಂಗಲಿಯ ಪಟವರ್ಧನರ ಆಳಿಕೆಯ ಊರು. ಬೆಳಗಾವಿಯಿಂದ ಕೂಗಳತೆಯ ದೂರ ನಡೆದವನು ಬ್ರಿಟಿಷರ ಸೀಮೆಯನ್ನು ಬಿಟ್ಟು ಬೇರೊಬ್ಬ ದೊರೆಯ ಸೀಮೆಯಲ್ಲಿರುತ್ತಿದ್ದನು. ಅಲ್ಲಿಯ ರೇಶಿಮೆ ಅಂಚಿನ ಶಹಾಪುರಿ ಸೀರೆಯು ಮಾತ್ರ ಯಾವ ಗಡಿಯನ್ನೂ ಲೆಕ್ಕಿಸಲಿಲ್ಲ. ಹಳೆಯ ಮನೆತನಗಳ ಪೆಟ್ಟಿಗೆಗಳಲ್ಲಿ ಅಜ್ಜಿಯರು ಕಾದಿಟ್ಟ ಅಂತಹ ಸೀರೆ ಇನ್ನೂ ದೊರೆತೀತು.

ಅದನ್ನು ನೆಯ್ದ ಕೈಗಳು ಶಹಾಪುರ, ವಡಗಾವಿ, ಖಾಸಬಾಗಗಳ ನೇಕಾರರವು. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲಿಳಿಬಿಟ್ಟು ಕುಳಿತು, ಕಾಲಿನಿಂದ ಹಾಸಿನ ಎಳೆಗಳನ್ನು ಎತ್ತಿಳಿಸುತ್ತ ಕೈಯಿಂದ ಲಾಳಿಯನ್ನೋಡಿಸುವ ಮಗ್ಗವನ್ನು ಕಾಣಬಯಸುವವರು ಈಗ ಬಹಳ ವಿಚಾರಿಸಬೇಕು. ಓಣಿಗಳಲ್ಲಿ ಕೇಳಿಸುವದು ವಿದ್ಯುನ್ಮಗ್ಗಗಳ ಸದ್ದು. ಜೇಡರ ದಾಸಿಮಯ್ಯನ ಕಾಯಕವನ್ನು ಪ್ರವಚನಗಳಲ್ಲಿ ಕೊಂಡಾಡುವವರು, ಆ ಕಾಯಕದ ಮನೆಗೆ ಒಮ್ಮೆ ಹೋಗಿ ಕುಳಿತು ಹಾಸುಹೊಕ್ಕುಗಳನ್ನು ಕಣ್ಣಾರೆ ನೋಡಬಾರದೇಕೆ? ಕೈಮಗ್ಗದ ಹಿರಿಯರು ಉಳಿದಿರುವಾಗಲೇ ಅವರನ್ನು ಕೇಳಿ ಬರೆದುಕೊಳ್ಳುವದು ಪಾಠಶಾಲೆಗಳ ವಿದ್ಯಾರ್ಥಿಗಳಿಗೆ ಯೋಗ್ಯವಾದ ಕೆಲಸ. ಶಾಸನವು ಲಂಡನ್ನಿನಲ್ಲಾದರೂ ಓದಲು ದೊರೆಯುತ್ತದೆ, ಮಗ್ಗದ ಮಾತಿಗೆ ಶಿಲೆಯಿಲ್ಲ.

ಹೊತ್ತಿದ್ದರೆ ಟಿಳಕವಾಡಿಯ ಬಾವಿಯನ್ನು ನೋಡಿಕೊಂಡೇ ಹಿಂದಿರುಗಬೇಕು. 1924ರ ಡಿಸೆಂಬರದಲ್ಲಿ ಮಹಾತ್ಮಾ ಗಾಂಧಿಯವರು ಅಧ್ಯಕ್ಷರಾಗಿ ನಡೆಯಿಸಿದ ಏಕೈಕ ಕಾಂಗ್ರೆಸ್ ಅಧಿವೇಶನವು ಇಲ್ಲಿ ಜರುಗಿತು. ಅಧಿವೇಶನದ ನಗರಕ್ಕೆ ವಿಜಯನಗರವೆಂದೂ, ನೆರೆದ ಜನರ ನೀರಿಗಾಗಿ ತೋಡಿದ ಈ ಬಾವಿಗೆ ಪಂಪಾಸರೋವರವೆಂದೂ ಹೆಸರಿಟ್ಟರು. ಅದೇ ಸಂದರ್ಭದಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣ ಪರಿಷತ್ತೂ ಸೇರಿತು; ಅಲ್ಲಿ ಬೇಡಿದ್ದು 1956ರ ನವೆಂಬರ್ 1ರಂದು ಕೈಗೂಡಿತು. ಬಾವಿಯನ್ನು ಈಗಲೂ ಜೋಪಾನ ಮಾಡಿದ್ದಾರೆ, ಸಮೀಪದಲ್ಲಿಯೇ ವೀರಸೌಧವಿದೆ. ಚಿಕ್ಕೋಡಿಯ ಬಸ್ಸು ಹಿಡಿಯುವವರಿಗೆ ಅಲ್ಲಿಂದ ನಿಲ್ದಾಣವು ಬಹಳ ದೂರವಲ್ಲ.