ಕೊಡ, ಒನಕೆ ಮತ್ತು ಕಥೆಯ ಆಶಯ



ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯನ್ನು ತಮ್ಮಲ್ಲಿ ಹಲವರು ಕಂಡಿರಬಹುದು. ಬಂಡೆಗೆ ಬಂಡೆ ಒರಗಿ ನಿಂತ ಗುಡ್ಡ, ಮೇಲೆ ಕೋಟೆಯ ಅಳಿದುಳಿದ ಗೋಡೆ, ಸುತ್ತ ಕರಡಿಗಳು ಓಡಾಡುವ ಕುರುಚಲು ಕಾಡು. ನೆರೆಯ ಜರಿಮಲೆಯ ಹಾಗೆ ಇದೂ ಒಂದು ಪಾಳೆಯಪಟ್ಟಿನ ನೆಲೆ. ಆದರೆ ಆ ಪಾಳೆಯಗಾರರ ಹೆಸರನ್ನು ಇಂದು ಎಷ್ಟು ಜನ ಬಲ್ಲರು? ಊರಿನ ಹೆಸರು ನಾಡಿನ ನಾಲಗೆಯ ಮೇಲೆ ನಿಂತಿರುವುದು, ಚಿತ್ರದುರ್ಗದ ಒನಕೆ ಓಬವ್ವ ಇಲ್ಲಿಯ ಮಗಳೆಂಬ ಜನರ ನಂಬಿಕೆಯಿಂದ.

ಕಥೆ ತಮಗೆ ತಿಳಿದದ್ದೇ. ಹೈದರಾಲಿಯ ಸೈನ್ಯ ದುರ್ಗವನ್ನು ಮುತ್ತಿರುವ ಕಾಲ. ಕಾವಲುಗಾರ ಕಹಳೆ ಮುದ್ದಹನುಮ ಊಟಕ್ಕೆ ಮನೆಗೆ ಬಂದಿದ್ದಾನೆ. ನೀರು ತರಲು ಹೋದ ಹೆಂಡತಿಗೆ ಕಿಂಡಿಯಲ್ಲಿ ಶತ್ರುಗಳು ನುಸುಳುವ ಸುಳಿವು ಸಿಕ್ಕಿತು. ಒನಕೆ ಹಿಡಿದು ನಿಂತಳು; ತಲೆ ತೂರಿಸಿದವರನ್ನು ಒಬ್ಬೊಬ್ಬರಾಗಿ ಬಡಿದು ಕೆಡವಿದಳು. ಅವಳು ಮಡಿದ ಬಗೆಯನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ.

ಇಲ್ಲಿ ಸಂಘರ್ಷ ಯಾವುದು ಎಂದು ಕೇಳಿದರೆ, ಒನಕೆಗೂ ಕತ್ತಿಗೂ ನಡೆದದ್ದು ಎಂದು ಥಟ್ಟನೆ ಉತ್ತರ ಬರುತ್ತದೆ. ಅದು ಕಣ್ಣಿಗೆ ಕಾಣುವ ಜಗಳ. ಕೊಡ ಕೆಳಗಿಟ್ಟು ಒನಕೆ ಕೈಗೆತ್ತಿಕೊಳ್ಳುವ ನಡುವಣ ಆ ಅರೆಗಳಿಗೆಯನ್ನು ನೋಡಿರಿ. ಗಂಡ ಎಲೆಯ ಮುಂದೆ ಕುಳಿತಿದ್ದಾನೆ. ಉಣ್ಣುವವನನ್ನು ಎಬ್ಬಿಸಬಾರದೆಂಬುದು ನಮ್ಮ ಮನೆಗಳ ಹಳೆಯ ನಡೆ. ಎಬ್ಬಿಸಿದರೆ ಹಸಿದವನ ತುತ್ತು ಕಸಿದಂತೆ. ಕೂಗಿದರೆ ಹಗೆ ಎಚ್ಚರಗೊಂಡೀತು. ಸುಮ್ಮನಿದ್ದರೆ ದುರ್ಗ ಹೋಯಿತು. ಕಾವಲು ಅವನ ಪಾಲಿಗೆ ಬಂದ ಕೆಲಸ, ಇವಳದಲ್ಲ. ಆದರೂ ಇವಳು ಅದನ್ನು ತನ್ನದಾಗಿ ಮಾಡಿಕೊಂಡಳು. ಯಾರೂ ವಹಿಸದ ಹೊಣೆಯನ್ನು ಹೊರುವವರು ಯಾರು ಎಂಬ ಪ್ರಶ್ನೆಯೇ ಕಥೆಯ ಆಶಯ. ಬಡಿದಾಟ ಆ ಆಶಯವನ್ನು ಹೊತ್ತು ತರುವ ಬಂಡಿ. ಬಂಡಿಯನ್ನೇ ನೋಡುತ್ತ ನಿಂತವರಿಗೆ ಒಳಗಿನ ಸರಕು ಕಾಣದು.

ಕಾದಂಬರಿಗಳನ್ನು ಓದುವಾಗಲೂ ಹೀಗೆಯೇ. ತ. ರಾ. ಸುಬ್ಬರಾಯರು (1920-1984) ಚಿತ್ರದುರ್ಗದ ಇತಿಹಾಸವನ್ನು ಕುರಿತು ಕಾದಂಬರಿಗಳ ಸಾಲನ್ನೇ ಬರೆದರು. 1982ರಲ್ಲಿ ಪ್ರಕಟವಾದ 'ದುರ್ಗಾಸ್ತಮಾನ'ಕ್ಕೆ ಅವರು ತೀರಿಕೊಂಡ ಮರುವರ್ಷ, 1985ರಲ್ಲಿ, ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಸೋಲುವವರಾರು ಎಂಬುದನ್ನು ಹೆಸರಿನಲ್ಲಿಯೇ ಹೇಳಿಬಿಟ್ಟ ಗ್ರಂಥವದು. 1779ರಲ್ಲಿ ದುರ್ಗ ಹೈದರನ ಕೈಸೇರಿದ್ದು ಶಾಲೆಯ ಮಕ್ಕಳಿಗೂ ಗೊತ್ತು. ಹಾಗಿದ್ದೂ ದಪ್ಪ ಪುಸ್ತಕವನ್ನು ಕೆಳಗಿಡದೆ ಓದುತ್ತೇವೆ. ಗೆಲುವು ಯಾರದೆಂಬ ಕುತೂಹಲವಾದರೆ ಮೊದಲ ಪುಟದಲ್ಲೇ ತೀರಬೇಕಿತ್ತು. ಸೂರ್ಯ ಮುಳುಗುವುದು ಖಚಿತವೆಂದು ಬಲ್ಲವನು ಅದುವರೆಗೆ ಹೇಗೆ ಬಾಳಿದ ಎಂಬುದು ನಮ್ಮನ್ನು ಹಿಡಿದಿಡುತ್ತದೆ.

ಇನ್ನೊಂದು ಮಾತನ್ನು ಸಂಕೋಚದಿಂದಲೇ ಹೇಳಬೇಕಾಗಿದೆ. ಇಂಥ ಪುಸ್ತಕ ಓದಿ ಹೈದರನ ಹೆಸರೆತ್ತಿದರೆ ಕೆರಳುವವರನ್ನು ನಾನು ಕಂಡಿದ್ದೇನೆ. ಹೊರಗಣ ಜಗಳವನ್ನೇ ಆಶಯವೆಂದು ಹಿಡಿದವರ ಪಾಡಿದು. ಇತಿಹಾಸ ಅಷ್ಟು ಸರಳವಲ್ಲ. 1754ರಲ್ಲಿ ಪಟ್ಟವೇರಿದ ಮದಕರಿನಾಯಕ ಹೈದರನ ಪಕ್ಷದಲ್ಲಿ ನಿಂತು ಹಲವು ಯುದ್ಧಗಳಲ್ಲಿ ಹೋರಾಡಿದವನು. ಅವರ ನಡುವೆ ಒಡಕು ಬಲಿತು 1777ರಲ್ಲಿ ದುರ್ಗಕ್ಕೆ ಮುತ್ತಿಗೆ ಬಿತ್ತು. ನಿನ್ನೆಯ ಗೆಳೆಯ ಇಂದು ವೈರಿಯಾದ ಈ ಸಂಕಟ, ಎರಡು ಬಣ್ಣದ ಬಾವುಟಗಳ ಕದನಕ್ಕಿಂತ ಆಳವಾದದ್ದು. ಇನ್ನು ಕಾದಂಬರಿಕಾರನು ಬರೆದ ಸಂಭಾಷಣೆಯನ್ನು ಶಾಸನದ ಮಾತೆಂದು ಎತ್ತಿ ಹೇಳುವ ಅಭ್ಯಾಸವಂತೂ ಬಿಡತಕ್ಕದ್ದು.

ಓಬವ್ವನ ಕಥೆಯೂ ಬಗೆಬಗೆಯ ರೂಪ ತಳೆದಿದೆ. ಸುಬ್ಬರಾಯರ ಕಾದಂಬರಿಗಳನ್ನಾಧರಿಸಿ 1972ರಲ್ಲಿ ಪುಟ್ಟಣ್ಣ ಕಣಗಾಲರು ತೆಗೆದ 'ನಾಗರಹಾವು' ಚಿತ್ರದಲ್ಲಿ ಜಯಂತಿಯವರು ಓಬವ್ವನಾಗಿ ಕಾಣಿಸಿಕೊಂಡರು. ನಮ್ಮಲ್ಲಿ ಬಹಳ ಮಂದಿಯ ಕಣ್ಣಿಗೆ ಕಟ್ಟಿರುವ ಓಬವ್ವ ಅವಳೇ. 2021ರಿಂದ ನವೆಂಬರ್ 11ರಂದು ಸರ್ಕಾರವೇ ಜಯಂತಿಯನ್ನು ಆಚರಿಸುತ್ತಿದೆ. ಅದೇ ವರ್ಷ ಗುಡೇಕೋಟೆ ಬಳ್ಳಾರಿಯಿಂದ ಬೇರೆಯಾಗಿ ವಿಜಯನಗರ ಜಿಲ್ಲೆಗೆ ಸೇರಿತು. ಅದಕ್ಕೂ ಹಿಂದೆ, 1953ರವರೆಗೆ, ಈ ಸೀಮೆ ಮದರಾಸಿನ ಆಡಳಿತದಲ್ಲಿತ್ತು, ದುರ್ಗವಾದರೋ ಮೈಸೂರಿನದು. ತವರು ಒಂದು ಆಳ್ವಿಕೆಯಲ್ಲಿ, ಗಂಡನ ಮನೆ ಇನ್ನೊಂದರಲ್ಲಿ! ಕಥೆಗೆ ಮಾತ್ರ ಯಾವ ಗಡಿಯೂ ಅಡ್ಡ ಬರಲಿಲ್ಲ.

ಮುಂದೆ ದುರ್ಗಕ್ಕೆ ಹೋದಾಗ ಓಬವ್ವನ ಕಿಂಡಿಯ ಮುಂದೆ ನಿಂತು ನೋಡಿರಿ. ಒಬ್ಬನೇ, ಅದೂ ಮೈ ಬಗ್ಗಿಸಿ, ನುಸುಳಬೇಕಾದಷ್ಟು ಇಕ್ಕಟ್ಟು ಅದು. ಹತ್ತಿರದಲ್ಲೇ ತಣ್ಣೀರ ದೋಣಿ. ಕೊಡ ಹಿಡಿದು ಬಂದವಳು ಅಲ್ಲಿಂದ ಮನೆಯ ಕಡೆ ಒಮ್ಮೆಯಾದರೂ ತಿರುಗಿ ನೋಡಿದಳೋ ಏನೋ.